ಡೋಣಿ ತಂಡದ ತೂಕ

ಮುಂಡರಗಿಯ ಒಣಮೆಣಸಿನಕಾಯಿ ವ್ಯಾಪಾರಿ ಪುಂಡಲೀಕಪ್ಪನಿಗೆ ಅಮೆರಿಕದ ಬೇಸ್‌ಬಾಲ್ ಆಟದ ಮೇಲೆ ಭಕ್ತಿ ಹುಟ್ಟಿದ್ದು ಆ ಆಟವನ್ನು ಒಂದು ಸಲವೂ ನೋಡದೆ. ಚೆಂಡು ಎಷ್ಟು ದೊಡ್ಡದು, ಎಷ್ಟು ಮಂದಿ ಆಡುತ್ತಾರೆ, ಓಡುವವರು ಯಾಕೆ ಓಡುತ್ತಾರೆ ಎಂಬ ಯಾವ ಗೊಡವೆಗೂ ಅವನು ಹೋಗಲಿಲ್ಲ. ಅವನಿಗೆ ಬೇಕಾಗಿದ್ದ ಒಂದೇ ಒಂದು ಮಾತು ಅದರಲ್ಲಿ ಸಿಕ್ಕಿತ್ತು. ಹೆಚ್ಚು ರೊಕ್ಕ ಸುರಿದ ಮಾಲಕನ ತಂಡ ಹೆಚ್ಚು ಗೆಲ್ಲುತ್ತದೆ. ದೇವರು ಅಂತ ಒಬ್ಬ ಇದ್ದರೆ ಅವನು ಅಮೆರಿಕದಲ್ಲೇ ಇರಬೇಕು ಎಂದು ಪುಂಡಲೀಕಪ್ಪನಿಗೆ ಅನಿಸಿದ್ದು ಆವತ್ತೇ.

ಆ ಮಾತು ಹೇಳಿದವನು ನಯಾಜ. ಡೋಣಿಯ ಟೇಲರ್ ಮರ್ದಾನಸಾಬನ ಮಗ, ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ. ರಜೆಗೆ ಊರಿಗೆ ಬಂದಾಗ ಡೋಣಿಯ ಕಬಡ್ಡಿ ತಂಡದಲ್ಲಿ ಎಡ ಮೂಲೆಗೆ ನಿಂತು ಎದುರಾಳಿಗಳ ಕಾಲು ಹಿಡಿಯುತ್ತಿದ್ದ. ಬೇಸ್‌ಬಾಲ್ ತಂಡಗಳು ಆಟಗಾರರ ಪಗಾರಕ್ಕೆ ಸುರಿಯುವ ರೊಕ್ಕಕ್ಕೂ ಅವು ಗೆಲ್ಲುವುದಕ್ಕೂ ಏನು ನಂಟು ಎಂದು ಅವನು ಪರೀಕ್ಷೆಗೆ ಪ್ರಬಂಧ ಬರೆಯುತ್ತಿದ್ದ. ಅದನ್ನು ಅವನ ಕಾಲೇಜಿನವರು ಯಾಕೆ ಬರೆಸುತ್ತಿದ್ದರು ಎಂಬುದು ಮುಂಡರಗಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಂಗಡಿಗೆ ಚಹಾಕ್ಕೆ ಬಂದವನನ್ನು ಪುಂಡಲೀಕಪ್ಪ ಸುಮ್ಮನೆ ಕೇಳಿದ, ಅವನು ನಿಜವಾಗಿಯೇ ಹೇಳತೊಡಗಿದ.

"ರೊಕ್ಕ ಜಾಸ್ತಿ ಸುರಿದ ಟೀಮು ಸ್ವಲ್ಪ ಜಾಸ್ತಿ ಗೆಲ್ಲತಾವು, ಅದು ಖರೇನ ಐತ್ರಿ ಸಾವಕಾರ್ರ. ಆದ್ರ..."

"ಖರೆ ಅಂದೆಲ್ಲ, ಆತು ಬಿಡು."

"ಸುರಿದು ಸುರಿದು ತಳಕ್ಕ ಕುಂತಾವೂ ಅದಾವ್ರಿ. ಯಾರನ್ನ ತಗೊಂಡ್ರಿ, ಏನು ನೋಡಿ ತಗೊಂಡ್ರಿ ಅನ್ನೂದರ ಮ್ಯಾಲ..."

"ಚಾ ಕುಡಿಯೋ, ಆರತೈತಿ."

ನಯಾಜ ಚಹಾ ಕುಡಿದ. ಮಾತಿನ ದ್ವಿತೀಯಾರ್ಧ ಅವನ ಹೊಟ್ಟೆಯೊಳಗೇ ಉಳಿಯಿತು. ಪುಂಡಲೀಕಪ್ಪನಿಗೆ ಮಾಲು ನೋಡುವಾಗಲೂ ಇದೇ ಅಭ್ಯಾಸ, ಚೀಲದ ಬಾಯಿ ಬಿಚ್ಚಿ ಮೇಲಿನ ಹಿಡಿ ನೋಡಿ ರೇಟು ಹೇಳುತ್ತಿದ್ದ.

ಅವನಿಗೆ ಆ ವರ್ಷ ಗೆಲುವು ಬೇಕಾಗಿತ್ತು, ಬಹಳ ಬೇಕಾಗಿತ್ತು. ಹುಟ್ಟೂರು ಡೋಣಿಯಲ್ಲಿ ಅವನಿಗೆ ಹೊಲವಿತ್ತು, ಹೊಲವಿದ್ದದ್ದರಿಂದ ಅಲ್ಲಿಯ ರೈತರ ಪತ್ತಿನ ಸೊಸೈಟಿಯಲ್ಲಿ ಸದಸ್ಯತ್ವವಿತ್ತು, ಸದಸ್ಯತ್ವವಿದ್ದದ್ದರಿಂದ ಅಧ್ಯಕ್ಷನಾಗುವ ಆಸೆಯಿತ್ತು. ಎರಡು ಸಲ ನಿಂತು ಎರಡು ಸಲವೂ ಸೋತಿದ್ದ. ಜನ ಎದುರಿಗೆ ಸಿಕ್ಕರೆ ಕೈಮುಗಿಯುತ್ತಿದ್ದರು, ಚಹಾ ಕುಡಿಸುತ್ತಿದ್ದರು, ಮತ ಮಾತ್ರ ಹಾಕುತ್ತಿರಲಿಲ್ಲ. ಯಾಕೆ ಹಾಕುವುದಿಲ್ಲ ಎಂಬುದು ಅವನಿಗೆ ಪ್ರಾಮಾಣಿಕವಾಗಿಯೇ ಅರ್ಥವಾಗಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಅದು ಅವನನ್ನು ಚುಚ್ಚುತ್ತಿತ್ತು. ಅಪ್ಪನ ಕಾಲದಿಂದ ಈ ಊರಿನ ಮಾಲು ಕೊಂಡವನಿಗೆ ಈ ಊರು ಒಂದು ಕುರ್ಚಿ ಕೊಡಬಾರದೇ ಎಂದು ನಿಜಕ್ಕೂ ದುಃಖವಾಗುತ್ತಿತ್ತು.

ಈ ಸಲದ ಚುನಾವಣೆ ಕಬಡ್ಡಿ ಪಂದ್ಯಾವಳಿ ಮುಗಿದ ಕೂಡಲೇ ಇತ್ತು. ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಡೋಣಿಯ ಶಾಲೆಯ ಬಯಲಿನಲ್ಲಿ ಪ್ರತಿ ವರ್ಷ ಅರವತ್ತು ಕೆಜಿ ಕಬಡ್ಡಿ ನಡೆಯುತ್ತಿತ್ತು. ಅಂದರೆ ಅರವತ್ತು ಕೆಜಿ ಮೀರಿದ ಯಾರೂ ಅಂಕಣಕ್ಕೆ ಇಳಿಯುವ ಹಾಗಿಲ್ಲ. ಪಂದ್ಯದ ದಿನ ಬೆಳಿಗ್ಗೆ ಎಲ್ಲರೂ ತೂಕಕ್ಕೆ ನಿಲ್ಲಬೇಕು. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಈ ಪಂದ್ಯಾವಳಿಯೂ ತನ್ನಷ್ಟಕ್ಕೆ ತಾನೇ ಜಿಲ್ಲಾ ಮಟ್ಟದ್ದಾಗಿತ್ತು, ಬರುವ ತಂಡಗಳು ಮಾತ್ರ ಮೊದಲಿನವೇ. ಡೋಣಿಯವರು ತಮ್ಮ ಊರಿನ ಕಪ್ಪನ್ನು ತಾವು ಗೆದ್ದು ಬಹಳ ವರ್ಷವಾಗಿತ್ತು. ಹಮ್ಮಿಗಿಯವರು ಬಂದು, ಉಂಡು, ಕಪ್ಪನ್ನು ಟ್ರ್ಯಾಕ್ಟರಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಆ ಕಪ್ಪು ತನ್ನ ಕೈಯಲ್ಲಿ, ಕೊರಳಲ್ಲಿ ಹಾರ, ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು. ಅಷ್ಟಾದರೆ ಅಧ್ಯಕ್ಷಗಿರಿ ಎಲ್ಲಿಗೆ ಹೋಗುತ್ತದೆ ಎಂದು ಪುಂಡಲೀಕಪ್ಪ ಲೆಕ್ಕ ಹಾಕಿದ. ಟೀವಿಯಲ್ಲಿ ಕಬಡ್ಡಿ ಆಟಗಾರರನ್ನು ಹರಾಜು ಹಾಕುವುದನ್ನು ಅವನು ನೋಡಿದ್ದ. ಈಗ ಅಮೆರಿಕವೂ ಬೆನ್ನಿಗೆ ನಿಂತಿತ್ತು.

ಡೋಣಿಗೆ ಒಂದು ತಂಡ ಇರಲಿಲ್ಲವೆಂದಲ್ಲ. ಪುಂಡಲೀಕಪ್ಪನ ಅಣ್ಣನ ಮಗ ಹನಮಂತ ಅದರ ಕ್ಯಾಪ್ಟನ್. ಕಾಕಾನ ಟೆಂಪೋ ಓಡಿಸಿಕೊಂಡಿದ್ದ, ಬಿಡುವಿದ್ದಾಗ ಆಡಿಕೊಂಡಿದ್ದ. ಉಳಿದವರು ಹೊಲದವರು, ಗೌಂಡಿಗಳು, ಮತ್ತೆ ನಯಾಜ. ಅವರ ದೊಡ್ಡ ದೋಷವೆಂದರೆ ಅವರು ಪುಕ್ಕಟೆ ಆಡುತ್ತಿದ್ದರು. ಪುಕ್ಕಟೆ ಸಿಗುವ ಮಾಲಿನ ಮೇಲೆ ಯಾವ ವ್ಯಾಪಾರಿ ನಂಬಿಕೆ ಇಟ್ಟಾನು?

"ಈ ಸಲ ನೀವು ಕುಂತು ನೋಡ್ರಿ," ಎಂದ ಪುಂಡಲೀಕಪ್ಪ. "ಹೊರಗಿಂದ ತರಸ್ತೀನಿ. ಊರ ಹೆಸರು ಮುಖ್ಯ."

"ಊರ ಹೆಸರಿನ ಟೀಮಿನ್ಯಾಗ ಊರಾವ್ರ ಒಬ್ಬರೂ ಇರೂದಿಲ್ಲೇನು ಕಾಕಾ?"

"ಬ್ಯಾಸರಾಗಬ್ಯಾಡ. ನಿನಗ ಮ್ಯಾನೇಜರ್ ಅಂತ ಟೀಶರ್ಟ್ ಹೊಲಸ್ತೀನಿ."

ಹನಮಂತ ಮೂರು ವರ್ಷದ ಹಿಂದೆ ಇದೇ ಊರಿಗಾಗಿ ಆಡುವಾಗ ಮುರಿದ ಬೆರಳನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ ನಿಂತಿದ್ದ. ಅದು ಪುಂಡಲೀಕಪ್ಪನಿಗೆ ಕಾಣಿಸಿತು, ಮನಸ್ಸಿಗೆ ಒಂದಿಷ್ಟು ಕಸಿವಿಸಿಯೂ ಆಯಿತು. ಆದರೆ ಕಸಿವಿಸಿಯಿಂದ ಯಾರೂ ಅಧ್ಯಕ್ಷರಾಗಿಲ್ಲ.

ಮರುದಿನದಿಂದ ಅವನು ಕಾರು ತೆಗೆದುಕೊಂಡು ಆಟಗಾರರ ಖರೀದಿಗೆ ಹೊರಟ. ಶಿರಹಟ್ಟಿಯಲ್ಲಿ ಇಬ್ಬರು, ಲಕ್ಷ್ಮೇಶ್ವರದಲ್ಲಿ ಮೂವರು, ಮಾಗಡಿಯಲ್ಲಿ ಒಬ್ಬ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಹಕ್ಕಿಗಳ ಹಾಗೆ ಈ ಆಟಗಾರರೂ ಕಾಳು ಕಂಡಲ್ಲಿ ಇಳಿಯುವವರು. ಹೋದ ವಾರ ಒಂದು ಊರಿಗೆ, ಈ ವಾರ ಇನ್ನೊಂದಕ್ಕೆ. ಕೊನೆಗೆ ಬೆಟಗೇರಿಯಲ್ಲಿ ಅನೀಸ ಎಂಬ ಹೆಸರಾಂತ ರೇಡರ್ ಸಿಕ್ಕ. ಅವನು ಒಂದು ಉಸಿರಿನಲ್ಲಿ ಮೂವರನ್ನು ಮುಟ್ಟಿ ಬರುತ್ತಾನೆಂದು ಗದಗ ಸೀಮೆಯಲ್ಲೆಲ್ಲ ಮಾತಿತ್ತು. ಅವನ ರೇಟು ಕೇಳಿದಾಗ ಪುಂಡಲೀಕಪ್ಪನಿಗೆ ಎದೆ ಝಲ್ಲೆಂದಿತು, ಹಿಂದೆಯೇ ಹೆಮ್ಮೆಯೂ ಆಯಿತು. ಇಷ್ಟು ದುಬಾರಿ ಮಾಲು ಡೋಣಿಗೆ ಈವರೆಗೆ ಬಂದಿರಲಿಲ್ಲ.

ಆಯ್ಕೆಯಲ್ಲಿ ಅವನದೇ ಒಂದು ಶಾಸ್ತ್ರವಿತ್ತು. ಅರವತ್ತು ಕೆಜಿಯ ಆಟವೆಂದ ಮೇಲೆ ಅರವತ್ತರ ತನಕ ಪೂರ್ತಿ ತುಂಬಿದವನೇ ಲಾಭ. ಐವತ್ತೈದರವನಿಗೂ ಅದೇ ರೊಕ್ಕ, ಐವತ್ತೊಂಬತ್ತೂವರೆಯವನಿಗೂ ಅದೇ ರೊಕ್ಕ ಎಂದಾಗ ಐವತ್ತೈದರವನನ್ನು ಕೊಳ್ಳುವವನು ಹುಚ್ಚ. ಚೀಲದಲ್ಲಿ ಮಾಲು ಕಮ್ಮಿ ಇದ್ದ ಹಾಗೆ ಅದು. ಲಕ್ಷ್ಮೇಶ್ವರದ ಒಬ್ಬ ಚುರುಕಾದ ಹುಡುಗನನ್ನು ಅವನು ಇದೇ ಕಾರಣಕ್ಕೆ ಒಲ್ಲೆನೆಂದು ವಾಪಸು ಕಳಿಸಿದ. ಹಮ್ಮಿಗಿಯವರು ಅವನನ್ನು ಬಸ್ ಚಾರ್ಜು ಕೊಟ್ಟು ಕರೆದುಕೊಂಡು ಹೋದರೆಂದು ಆಮೇಲೆ ತಿಳಿಯಿತು. ಪುಂಡಲೀಕಪ್ಪ ನಕ್ಕುಬಿಟ್ಟ.

ಎಲ್ಲರನ್ನೂ ತೂಗಿದ್ದು ಅವನ ಅಂಗಡಿಯಲ್ಲೇ.

ಅಂಗಡಿಯ ನಟ್ಟನಡುವೆ ಚೀಲ ತೂಗುವ ಕಾಟಾ ಇತ್ತು, ಕಬ್ಬಿಣದ ಹಲಗೆ, ಮೇಲೆ ಕೆಂಪು ಅಂಕಿ ಬೆಳಗುವ ಡಬ್ಬಿ. ಹಳ್ಳಿಯವರು ಮನೆಯಲ್ಲಿ ತೂಗಿ ತಂದ ಮೆಣಸಿನಕಾಯಿ ಈ ಕಾಟಾ ಏರುವಷ್ಟರಲ್ಲಿ ಯಾವಾಗಲೂ ಒಂದಿಷ್ಟು ಹಗುರಾಗಿರುತ್ತಿತ್ತು. ಹಮ್ಮಿಗಿಯ ಬುಡ್ಡೇಸಾಬ, ಹೊಳೆದಂಡೆಯ ಹೊಲದಲ್ಲಿ ಮೆಣಸಿನಕಾಯಿ ಬೆಳೆಯುವ ಮೆತ್ತನೆ ಮನುಷ್ಯ, ಪ್ರತಿ ಸುಗ್ಗಿಗೂ ಆ ಕೆಂಪು ಅಂಕಿಯ ಮುಂದೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದ.

"ಮನ್ಯಾಗ ಜಾಸ್ತಿ ಇತ್ತಲ್ಲರಿ ಸಾವಕಾರ್ರ."

"ನಿಮ್ಮದು ಹೊಳಿ ದಂಡಿ ಊರು, ಹಸಿ ಹವಾ. ಅಲ್ಲಿಂದ ಇಲ್ಲಿಗೆ ಬರೂದರಾಗ ಬಿಸಲಿಗೆ ಒಣಗತೈತೋ ಬುಡ್ಡೇಸಾಬ. ಒಣಗಿದ್ರನ ಅದು ಒಣಮೆಣಸಿನಕಾಯಿ."

ಬುಡ್ಡೇಸಾಬ ತಲೆಯಾಡಿಸಿ ರೊಕ್ಕ ಎಣಿಸಿಕೊಂಡು ಹೋಗುತ್ತಿದ್ದ. ಮಾಲು ತಂದ ಎಲ್ಲ ಊರಿನವರಿಗೂ ಪುಂಡಲೀಕಪ್ಪ ಇದೇ ಮಾತು ಹೇಳುತ್ತಿದ್ದ. ಡೋಣಿಯದು ಗುಡ್ಡದ ಸೀಮೆ, ಹಸಿ ಹವಾ ಇಲ್ಲ. ಆದ್ದರಿಂದ ಅವರಿಗೆ ಗುಡ್ಡದ ಗಾಳಿಗೆ ಒಣಗುತ್ತದೆ ಎನ್ನುತ್ತಿದ್ದ.

ಅಸಲು ಸಂಗತಿ ಇಷ್ಟು. ಕಾಟಾ ಕೊಂಡ ವರ್ಷ ಒಬ್ಬ ರಿಪೇರಿಯವನು ಬಂದು, ಅಂಗಡಿಯ ಬಾಗಿಲು ಹಾಕಿಸಿ, ಅದರ ಹೊಟ್ಟೆಯೊಳಗೆ ಕೈಹಾಕಿ, ಅದಕ್ಕೆ ಸ್ವಲ್ಪ ಸಂಯಮ ಕಲಿಸಿ ಹೋಗಿದ್ದ. ಆಮೇಲೆ ಅದು ನೂರು ಕೆಜಿಯನ್ನು ತೊಂಬತ್ತೈದು ಅನ್ನತೊಡಗಿತು. ಮೊದಮೊದಲು ಪುಂಡಲೀಕಪ್ಪನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆಮೇಲೆ ಬಂತು. ಆಮೇಲೆ ಎಷ್ಟು ಚೆನ್ನಾಗಿ ಬಂತೆಂದರೆ, ಕಾಟಾಕ್ಕೆ ಕೈಹಾಕಿಸಿದ್ದೇ ಅವನಿಗೆ ಮರೆತುಹೋಯಿತು. ಮೆಣಸಿನಕಾಯಿ ದಾರಿಯಲ್ಲಿ ಒಣಗುತ್ತದೆ ಎಂಬುದನ್ನು ಅವನು ಈಗ ಮನಸಾರೆ ನಂಬಿದ್ದ. ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆ ಮುಗಿಸಿ ತಾನೂ ಆ ಹಲಗೆಯ ಮೇಲೆ ನಿಂತು, ಗದಗಿನ ಡಾಕ್ಟರು ಹೇಳಿದ್ದಕ್ಕಿಂತ ತನ್ನ ತೂಕ ಕಮ್ಮಿ ಇರುವುದನ್ನು ನೋಡಿ ಖುಷಿಪಡುತ್ತಿದ್ದ. ಡಾಕ್ಟರ ಮಷೀನು ಕೆಟ್ಟಿದೆ, ಪಾಪ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದ.

ಆ ಕಾಟಾದ ಮೇಲೆ ಅನೀಸ ನಿಂತ. ಐವತ್ತೊಂಬತ್ತು ಚಿಲ್ಲರೆ ತೋರಿಸಿತು.

"ಇದೇನ್ರಿ," ಎಂದ ಅನೀಸ ಕೆಳಗೆ ಬಗ್ಗಿ ನೋಡುತ್ತ. "ನಾ ಅರವತ್ತೆರಡರ ಮ್ಯಾಲನ ಇರ್ತೀನಿ. ಮ್ಯಾಚಿನ ಮುಂದ ನಾಕು ದಿನ ಉಪಾಸ ಮಾಡಿ ಇಳಸ್ತಿದ್ದೆ."

"ಮುಂಡರಗಿ ಹವಾ ಅಂಥಾದ್ದು."

"ಮತ್ತ ತೂಕದಾಗ ಹೆಚ್ಚುಕಮ್ಮಿ ಆದ್ರ ನಮ್ಮ ರೊಕ್ಕಾ?"

"ತೂಕದ ಜವಾಬ್ದಾರಿ ನಂದು," ಎಂದ ಪುಂಡಲೀಕಪ್ಪ ಎದೆಯ ಮೇಲೆ ಕೈಯಿಟ್ಟು. "ನನ್ನ ಕಾಟಾದಾಗ ಪಾಸಾದವನು ಎಲ್ಲೆ ಬೇಕಾದಲ್ಲೆ ಪಾಸು. ಆಡ್ರಿ ಬಿಡ್ರಿ, ತೂಕದ ಸಲುವಾಗಿ ನಿಮ್ಮ ರೊಕ್ಕ ನಿಲ್ಲಂಗಿಲ್ಲ."

ಉಳಿದವರೂ ಒಬ್ಬೊಬ್ಬರಾಗಿ ಹಲಗೆ ಏರಿದರು. ಅರವತ್ತಕ್ಕೆ ಕೂದಲೆಳೆಯಷ್ಟು ಕಮ್ಮಿ ಇದ್ದವರನ್ನೇ ಪುಂಡಲೀಕಪ್ಪ ಆರಿಸಿ ಆರಿಸಿ ಇಟ್ಟುಕೊಂಡ. ಏಳು ಮಂದಿಯೂ ಅವನ ಕಣ್ಣಿಗೆ ಬಾಯಿ ಹೊಲಿದ ಭರ್ತಿ ಚೀಲಗಳ ಹಾಗೆ ಕಂಡರು.

ಇನ್ನು ಒಂದೇ ಭಯ. ಇವರು ಪಂದ್ಯದ ತನಕ ತನ್ನ ಮನೆಯಲ್ಲಿ ಉಳಿಯುತ್ತಾರೆ. ಮನೆಯಲ್ಲಿ ಮರಿಯವ್ವ ಇದ್ದಾಳೆ.

ಪುಂಡಲೀಕಪ್ಪನ ಹೆಂಡತಿ ಮರಿಯವ್ವನ ಕೈಯೂಟವೆಂದರೆ ಮುಂಡರಗಿಯಲ್ಲಿ ಹೆಸರು. ಮೆಣಸಿನಕಾಯಿ ಹಾಕಲು ಬಂದ ರೈತರು ತೂಕದಲ್ಲಿ ಕಳಕೊಂಡದ್ದನ್ನು ಅವಳ ಪಡಸಾಲೆಯಲ್ಲಿ ಉಂಡು ಸರಿದೂಗಿಸಿಕೊಳ್ಳುತ್ತಾರೆಂದು ಮಾರುಕಟ್ಟೆ ಯಾರ್ಡಿನಲ್ಲಿ ಚೇಷ್ಟೆ ಮಾಡುತ್ತಿದ್ದರು. ತಾಟಿನಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳಬೇಕು, ಬೇಡ ಎಂದವನಿಗೂ ಒಂದು ಬೀಳಬೇಕು. ಅವಳ ತವರಿನಲ್ಲಿ ಹಾಗೆ, ಅವಳ ಅತ್ತೆಯ ಕಾಲದಲ್ಲೂ ಹಾಗೆ. ಬಂದವರನ್ನು ನೋಡಿ ಅವಳು ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರು ಎಂದು ಒಲೆ ಹೂಡುವಷ್ಟರಲ್ಲಿ ಪುಂಡಲೀಕಪ್ಪ ಅಡುಗೆಮನೆಗೆ ಬಂದು ಅಡ್ಡ ನಿಂತ.

"ಒಬ್ಬೊಬ್ಬಗ ಎರಡು ರೊಟ್ಟಿ, ಒಂದು ಬಟ್ಟಲ ಮಜ್ಜಗಿ. ಅದರ ಮ್ಯಾಲ ಒಂದು ತುತ್ತು ಹೋಗಬಾರದು."

ಮರಿಯವ್ವ ತಿಳಿಯದೆ ನೋಡಿದಳು. "ಏಳು ಮಂದಿ ವಯಸ್ಸಿನ ಹುಡುಗ್ರಿಗೆ? ಎಣಿಸಿ ಹಾಕೂದೇನ್ರಿ?"

"ಎಣಿಸೇ ಹಾಕು. ತೂಕ ಹೆಚ್ಚಾದ್ರ ನನ್ನ ಮರ್ಯಾದಿ ಹೋಗತೈತಿ."

"ಹಂಗ ಹಾಕಿದ್ರ ನಂದು ಹೋಗತೈತಿ."

ಅವನು ಕೇಳಲಿಲ್ಲ. ಊಟದ ಹೊತ್ತಿಗೆ ತಾನೇ ಪಡಸಾಲೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ಎರಡನೆಯ ದಿನ ಅನೀಸನ ತಾಟು ಬರಿದಾದದ್ದು ಕಂಡು ಮರಿಯವ್ವನ ಕೈ ತಡೆಯಲಿಲ್ಲ, ಮೂರನೆಯ ರೊಟ್ಟಿ ಹಾಕಿಯೇಬಿಟ್ಟಳು. ಪುಂಡಲೀಕಪ್ಪ ಎಲ್ಲರೆದುರೇ ಅದನ್ನು ಅವಳಿಂದಲೇ ವಾಪಸು ತೆಗೆಸಿದ. ಬಡಿಸಿದ ರೊಟ್ಟಿಯನ್ನು ಅತಿಥಿಯ ತಾಟಿನಿಂದ ಎತ್ತಿಕೊಂಡು ಒಳಗೆ ಹೋದ ಮರಿಯವ್ವ ರೊಟ್ಟಿ ಬುಟ್ಟಿಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಬದುಕಿನಲ್ಲಿ ಅಷ್ಟು ನಾಚಿಕೆ ಅವಳಿಗೆ ಆಗಿರಲಿಲ್ಲ. ಪುಂಡಲೀಕಪ್ಪನಿಗೆ ಅದು ಗೊತ್ತಾಯಿತು. ಕಪ್ಪು ಬಂದ ಮೇಲೆ ಒಂದು ಇಳಕಲ್ ಸೀರೆ ಕೊಡಿಸಿದರಾಯಿತು ಎಂದು ಆ ಖಾತೆಯನ್ನು ಅಲ್ಲಿಗೇ ಮುಚ್ಚಿದ.

ಪಂದ್ಯಾವಳಿಯ ಕಮಿಟಿಗೆ ಮರ್ದಾನಸಾಬ ಹಿರಿಯ. ಒಂದು ಕಾಲದಲ್ಲಿ ತಾನೂ ಆಡಿದವನು, ಈಗ ಟೇಲರಿಂಗ್ ಬಿಟ್ಟು ಹೊತ್ತು ಉಳಿದರೆ ಸೀಟಿ ಊದುವವನು. ಪ್ರತಿ ವರ್ಷ ತೂಕಕ್ಕೆ ಯಾವುದೋ ಕಿರಾಣಿ ಅಂಗಡಿಯ ತಕ್ಕಡಿ ತಂದು ಜಗಳವಾಗುತ್ತಿತ್ತು. ಈ ಸಲ ಸಾವಕಾರರ ಕಾಟಾ ತರಿಸೋಣವೇ ಎಂದು ಅವನೇ ಬಂದು ಕೇಳಿದ. ಅದಕ್ಕೆ ಒಪ್ಪಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಸೊಸೈಟಿಗೆ ಒಬ್ಬ ಹೊಸ ಅಧ್ಯಕ್ಷ ಇರುತ್ತಿದ್ದ. ಆದರೆ ಪುಂಡಲೀಕಪ್ಪನಿಗೆ ಆಗ ದೊಡ್ಡತನದ ಹುಮ್ಮಸ್ಸು.

"ಬ್ಯಾಡೋ ಮರ್ದಾನಸಾಬ. ಟೀಮೂ ನಂದು, ಕಾಟಾನೂ ನಂದು ಅಂದ್ರ ನಾಳೆ ಮಂದಿ ಮಾತಾಡತಾರ. ಆಸ್ಪತ್ರಿಯಿಂದ ಮಷೀನ್ ತರಸು. ಬಾಡಿಗಿ ಖರ್ಚು ನಾ ಕೊಡ್ತೀನಿ."

ಮಂದಿ ಆ ಪ್ರಾಮಾಣಿಕತೆಗೆ ತಲೆದೂಗಿದರು. ಎರಡು ಮತ ಹೆಚ್ಚಾದವೆಂದು ಪುಂಡಲೀಕಪ್ಪನೂ ತಲೆದೂಗಿದ.

ಪಂದ್ಯದ ದಿನ ಡೋಣಿಯ ಶಾಲೆಯ ಬಯಲು ತುಂಬಿತ್ತು. ಹಮ್ಮಿಗಿಯವರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು, ಬುಡ್ಡೇಸಾಬನೂ ಅದರಲ್ಲಿದ್ದ. ಹೆಂಗಸರು ಶಾಲೆಯ ಕಟ್ಟೆಯ ಮೇಲೆ, ಮರಿಯವ್ವ ಅವರ ನಡುವೆ. ಹನಮಂತ ಕಾಕಾ ಹೊಲಿಸಿದ ಮ್ಯಾನೇಜರ್ ಟೀಶರ್ಟನ್ನು ಟೆಂಪೋದೊಳಗೆ ಬಿಟ್ಟು, ಹಳೆ ಗೆಳೆಯರನ್ನು ಕಟ್ಟಿಕೊಂಡು ಡೋಣಿ ಬಿ ತಂಡವೆಂದು ಹೆಸರು ಬರೆಸಿದ್ದ. ಬಣ್ಣ ಹೋದ ಬನಿಯನ್ನುಗಳಲ್ಲಿ ಅವರು ಒಂದು ಮೂಲೆಗೆ ನಿಂತಿದ್ದರು. ಪುಂಡಲೀಕಪ್ಪನ ತಂಡ ಮಿರಿಮಿರಿ ಮಿಂಚುವ ಕೇಸರಿ ಜೆರ್ಸಿಯಲ್ಲಿ ಕಾರಿನಿಂದ ಇಳಿಯಿತು. ಬೆನ್ನ ಮೇಲೆ ಅವನ ಅಂಗಡಿಯ ಹೆಸರು. ಒಬ್ಬೊಬ್ಬನೂ ಇಳಿಯುವಾಗ ಮಂದಿ ಹೋ ಎಂದರು. ಪುಂಡಲೀಕಪ್ಪ ಆ ಹೋ ಎಂಬುದನ್ನು ಮತಗಳಾಗಿ ಎಣಿಸುತ್ತಿದ್ದ.

ಮೊದಲು ಅನೀಸ ಆಸ್ಪತ್ರೆಯ ಮಷೀನಿನ ಮೇಲೆ ನಿಂತ. ಮರ್ದಾನಸಾಬ ಕನ್ನಡಕ ಏರಿಸಿ ನೋಡಿದ, ಒರೆಸಿ ಮತ್ತೆ ನೋಡಿದ.

"ಅರವತ್ತೆರಡು."

ಎರಡನೆಯವನು ಅರವತ್ತೆರಡೂವರೆ. ಮೂರನೆಯವನೂ ಅದೇ. ಏಳರಲ್ಲಿ ಏಳೂ ಮಂದಿ ಅರವತ್ತರ ಆಚೆ. ಬಿ ತಂಡದವರು ಏರಿದರು. ಹನಮಂತ ಐವತ್ತೆಂಟು, ನಯಾಜ ಐವತ್ತೇಳು, ಎಲ್ಲರೂ ಒಳಗೆ. ಹಮ್ಮಿಗಿಯವರೂ ಒಳಗೆ. ಪುಂಡಲೀಕಪ್ಪ ಬೇಡವೆಂದ ಆ ಲಕ್ಷ್ಮೇಶ್ವರದ ಹುಡುಗ ಅವರ ಜೊತೆ ನಿಂತು ಬಾಳೆಹಣ್ಣು ತಿನ್ನುತ್ತಿದ್ದ.

ತೂಕ ಹೆಚ್ಚಾದವರಿಗೆ ಒಂದು ತಾಸು ಸಮಯ ಕೊಡುವುದು ಪದ್ಧತಿ. ಓಡಿ ಬೆವರಿಳಿಸಿ ಮತ್ತೆ ನಿಲ್ಲಬಹುದು. ಗದಗ ಜಿಲ್ಲೆಯ ಅತಿ ದುಬಾರಿ ಕಬಡ್ಡಿ ತಂಡ ಚೈತ್ರದ ಬಿಸಿಲಿನಲ್ಲಿ, ಊರವರಿಂದ ಎರವಲು ತಂದ ಸ್ವೆಟರು, ಕಂಬಳಿ ಹೊದ್ದುಕೊಂಡು ಶಾಲೆಯ ಬಯಲು ಸುತ್ತತೊಡಗಿತು. ಇಬ್ಬರು ಓಡುತ್ತಲೇ ಉಗುಳುತ್ತಿದ್ದರು. ಒಬ್ಬ ಕಟ್ಟೆಯ ಬಳಿ ಕೂತು ತಲೆ ಬೋಳಿಸಿಕೊಂಡ. ಪುಂಡಲೀಕಪ್ಪ ಒಂದು ಕೊಡೆ ಹಿಡಿದು ಅವರ ಹಿಂದೆ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಟ್ಟು ನಿಂತ. ಈ ಓಟದ ಒಂದು ಸುತ್ತಿಗೆ ತನಗೆ ಎಷ್ಟು ಬಿತ್ತೆಂದು ಅವನ ತಲೆ ಬೇಡವೆಂದರೂ ಭಾಗಿಸುತ್ತಿತ್ತು. ಪಕ್ಕದಲ್ಲಿ ನಯಾಜ ಬಂದು ನಿಂತ.

"ಆವತ್ತು ಇದನ್ನ ಹೇಳಾಕತ್ತಿದ್ದೆ ನೋಡ್ರಿ ಸಾವಕಾರ್ರ. ಸುರಿದು ತಳಕ್ಕ ಕುಂದ್ರತಾವು ಅಂತ."

"ಅಮೆರಿಕಾದಾಗ ತೂಕ ಮಾಡತಾರೇನಲೇ?"

"ಇಲ್ರಿ."

"ಮತ್ತ ಸುಮ್ಮನಿರು."

ತಾಸು ಮುಗಿಯಿತು. ಅನೀಸ ಅರವತ್ತೊಂದು. ಬೋಳು ತಲೆಯವನು ಅರವತ್ತೊಂದೂವರೆ, ಕೂದಲು ಹೋದದ್ದೇ ಬಂತು. ಉಳಿದವರೂ ಅರವತ್ತರ ಆಚೆಯೇ, ಮರ್ದಾನಸಾಬ ಕೈ ಚೆಲ್ಲಿದ. ಡೋಣಿ ತಂಡ ಅಂಕಣಕ್ಕೆ ಇಳಿಯುವ ಮೊದಲೇ ಹೊರಗೆ.

ಅನೀಸ ಕಂಬಳಿ ಬಿಸಾಕಿ, ಬೆವರು ಸುರಿಯುತ್ತಲೇ ಪುಂಡಲೀಕಪ್ಪನ ಮುಂದೆ ಬಂದು ನಿಂತ. ಸಿಟ್ಟಿದ್ದರೂ ಮಾತು ಸಾವಕಾಶವಾಗಿತ್ತು.

"ತೂಕದ ಜವಾಬ್ದಾರಿ ನಂದು ಅಂದಿದ್ರಿ. ನಮ್ಮ ರೊಕ್ಕ ಕೊಡ್ರಿ, ಹೋಗ್ತೀವಿ."

"ಆಡಲಾರದ ಎಂಥಾ ರೊಕ್ಕೋ?"

"ನಿಮ್ಮ ಕಾಟಾದ ಮ್ಯಾಲ ನಾ ಐವತ್ತೊಂಬತ್ತು ಇದ್ದೆ. ನಾವು ಏಳೂ ಮಂದಿ ಅರವತ್ತರ ಒಳಗಿದ್ವಿ. ಇಲ್ಲಿ ಹೆಂಗ ಹೊರಗಾದ್ವಿ? ಎರಡರಾಗ ಒಂದು ಸುಳ್ಳೈತಿ. ಯಾವುದು ಅಂತ ನೀವ ಹೇಳ್ರಿ."

ಸುತ್ತ ಮಂದಿ ಸೇರಿದರು. ಹನಮಂತ ಗುಂಪನ್ನು ಸರಿಸಿಕೊಂಡು ಓಡಿ ಬಂದ. ಕಾಕಾನ ಮೇಲೆ ಎಷ್ಟೇ ಬೇಸರವಿದ್ದರೂ ಹೊರಗಿನವರು ಕಾಕಾನನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಅವನಿಗೆ ಸಹಿಸಲಾಗಲಿಲ್ಲ.

"ಕಾಕಾ, ಯಾಕ ಬಾಯಿ ಮಾಡ್ತಿ. ಆಸ್ಪತ್ರಿ ಮಷೀನ ಕೆಟ್ಟಿರಬೇಕು. ಟೆಂಪೋ ಇಲ್ಲೇ ಐತಿ, ಹೋಗಿ ನಮ್ಮ ಕಾಟಾ ತರ್ತೀನಿ. ಎರಡೂ ಬಾಜೂಕ ಇಟ್ಟು ತೂಗೂಣು."

ಪುಂಡಲೀಕಪ್ಪನಿಗೆ ಆಗ, ಆ ಬಿಸಿಲಿನಲ್ಲಿ, ವರ್ಷಗಳ ನಂತರ ಮೊದಲ ಸಲ ಆ ರಿಪೇರಿಯವನ ಮುಖ ನೆನಪಾಯಿತು. ಬಾಗಿಲು ಹಾಕಿದ ಅಂಗಡಿ, ಬಿಚ್ಚಿಟ್ಟ ಡಬ್ಬಿ, ಸ್ಕ್ರೂಡ್ರೈವರು. ಎದುರಿಗೆ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ತನಗೆ ಮಾಲು ಹಾಕುವವರು. ಅವರ ನಡುವೆ ಆ ಕಾಟಾ ಬಂದು ಕೂತರೆ ಹೋಗುವುದು ಅಧ್ಯಕ್ಷ ಕುರ್ಚಿಯೊಂದೇ ಅಲ್ಲ. ಅವನಿಗೆ ಹೆದರಿಕೆಯಾಯಿತು, ಸಣ್ಣವನಿದ್ದಾಗ ಆಗುತ್ತಿದ್ದಂಥ ಹೆದರಿಕೆ.

"ಕಾಟಾ ಬ್ಯಾಡ," ಎಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು.

"ಯಾಕ ಬ್ಯಾಡ?" ಎಂದಿತು ಗುಂಪಿನಿಂದ ಒಂದು ದನಿ.

ಯಾಕೆ ಬೇಡ? ವ್ಯಾಪಾರಿಯ ತಲೆ ಇಕ್ಕಟ್ಟಿನಲ್ಲೇ ಚುರುಕು. ಪುಂಡಲೀಕಪ್ಪ ನಗು ತಂದುಕೊಂಡು ಎರಡೂ ಕೈ ಎತ್ತಿದ.

"ನನ್ನ ಕಾಟಾನೂ ಸರಿ ಐತಿ, ಆಸ್ಪತ್ರಿ ಮಷೀನೂ ಸರಿ ಐತಿ. ತಪ್ಪು ನಮ್ಮ ಮನೀದು. ನಮ್ಮಾಕಿ ಕೈ ನಿಮಗ ಗೊತ್ತಿಲ್ಲೇನು? ಅಂಗಡಿಯಾಗ ಐವತ್ತೊಂಬತ್ತು ಇದ್ದವರು ಆಕಿ ಹೋಳಿಗಿ ತುಪ್ಪ ಉಂಡು ಅರವತ್ತೆರಡಾದ್ರು. ಎಷ್ಟು ಹೇಳಿದ್ರೂ ಕೇಳಲಿಲ್ಲ, ತಾಟಿಗೆ ಸುರದ ಸುರದ್ಲು. ಹೆಂಗಸರ ಕೈಯಾಗ ಕೊಟ್ರ ಹಿಂಗ ಆಗೂದು."

ಗುಂಪು ನಕ್ಕಿತು. ಮರಿಯವ್ವನ ಪಡಸಾಲೆಯಲ್ಲಿ ಉಂಡವರೇ ಎಲ್ಲರೂ, ಮಾತು ನಂಬುವಂತಿತ್ತು. ಬುಡ್ಡೇಸಾಬನೂ ಹಲ್ಲು ಬಿಟ್ಟ. ಪುಂಡಲೀಕಪ್ಪನಿಗೆ ಉಸಿರು ಬಂತು. ಕಪ್ಪು ಹೋದರೆ ಹೋಗಲಿ, ಬಚಾವಾದೆ ಅಂದುಕೊಂಡ. ಮುಂದಿನ ಚುನಾವಣೆಗೆ ನೋಡಿಕೊಂಡರಾಯಿತು.

ಶಾಲೆಯ ಕಟ್ಟೆಯ ಮೇಲಿಂದ ಮರಿಯವ್ವ ಇಳಿದು ಬಂದಳು. ಗಂಡಸರ ಗುಂಪಿನ ನಡುವೆ ಅವಳು ಹೀಗೆ ನಡೆದು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮಂದಿ ತಾವಾಗಿಯೇ ದಾರಿ ಬಿಟ್ಟರು.

"ನನ್ನ ಮನ್ಯಾಗ ಈ ಹುಡುಗ್ರು ಹೊಟ್ಟಿ ತುಂಬ ಉಂಡಿಲ್ರಿ," ಎಂದಳು, ಗಂಡನಿಗಲ್ಲ, ಎಲ್ಲರಿಗೂ. "ಒಬ್ಬೊಬ್ಬಗ ಎರಡು ರೊಟ್ಟಿ, ಒಂದು ಬಟ್ಟಲ ಮಜ್ಜಗಿ. ಬಾಗಲದಾಗ ಕುಂತು ಎಣಿಸ್ಯಾರ ಇವರು. ಮೂರನೇ ರೊಟ್ಟಿ ಹಾಕಿದ್ರ ನನ್ನ ಕೈಲೇ ತಗಸ್ಯಾರ. ಇಷ್ಟು ವರ್ಷದಾಗ ಉಣ್ಣಾಕ ಕುಂತವರ ತಾಟಿಗೆ ನಾ ಕೈ ಹಾಕಿದ್ದು ಅದೊಂದ ಸಲ. ಹೋಳಿಗಿ ಹಾಕಿ ಕೆಡಿಸಿದ್ಲು ಅಂತ ಅನಿಸ್ಕೊಂಡು ಸುಮ್ನಿರಾಕ ನನ್ನ ಕಡೆ ಆಗೂದಿಲ್ಲ. ಅನೀಸ, ನೀನ ಹೇಳಪ್ಪ."

ಅನೀಸ ತಲೆ ತಗ್ಗಿಸಿದ. "ಖರೆ ಐತ್ರಿ ಅವ್ವಾರ. ಅರ್ಧ ಹೊಟ್ಟಿ ಮ್ಯಾಲ ಇದ್ವಿ. ನೀವು ಕೊಡಬೇಕಂತ ಮಾಡಿದ್ರಿ, ಅದು ನಮಗ ಗೊತ್ತೈತಿ."

ಮರಿಯವ್ವನಿಗೆ ಕಾಟಾದ ವಿಚಾರ ಏನೂ ತಿಳಿದಿರಲಿಲ್ಲ. ಅವಳು ಕಾಪಾಡಿಕೊಂಡದ್ದು ತನ್ನ ಕೈಯ ಹೆಸರನ್ನಷ್ಟೆ. ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಅವಳು ವಾಪಸು ಕಟ್ಟೆಗೆ ಹೋಗಿ ಕೂತಳು. ಪಕ್ಕದ ಹೆಂಗಸು ಅವಳ ಕೈ ಹಿಡಿದುಕೊಂಡಳು.

ಆಚೆ ಮೊದಲ ಪಂದ್ಯಕ್ಕೆ ಸೀಟಿ ಊದಿದರು. ಬಿ ತಂಡದ ಹೆಸರು ಕೂಗಿದರು, ಒಬ್ಬನೂ ಆ ಕಡೆ ತಿರುಗಲಿಲ್ಲ. ಆಮೇಲೆ ಹನಮಂತನ ತಂಡ ಒಂದು ಪಂದ್ಯ ಗೆದ್ದು ಇನ್ನೊಂದರಲ್ಲಿ ಹಮ್ಮಿಗಿಗೆ ಸೋತಿತೆಂದೂ ಕಪ್ಪು ಎಂದಿನಂತೆ ಟ್ರ್ಯಾಕ್ಟರು ಏರಿತೆಂದೂ ಕೇಳಿದ್ದು. ಆ ಹೊತ್ತಿಗೆ ಮಾತ್ರ ಬಯಲಿನಲ್ಲಿದ್ದ ಮೆಣಸಿನಕಾಯಿ ಬೆಳೆಗಾರರೆಲ್ಲ ಮನಸ್ಸಿನಲ್ಲೇ ಒಂದು ಲೆಕ್ಕ ಮಾಡುತ್ತ ನಿಂತಿದ್ದರು. ಉಂಡು ಉಬ್ಬಿದವರಲ್ಲ, ಅರೆಹೊಟ್ಟೆಯವರು. ಹಾಗಾದರೆ ಹೆಚ್ಚಾದದ್ದು ಎಲ್ಲಿಂದ? ಹಾಗಾದರೆ ಸುಗ್ಗಿಯಲ್ಲಿ ತಮ್ಮ ಚೀಲಗಳಲ್ಲಿ ಕಮ್ಮಿಯಾದದ್ದು ಎಲ್ಲಿಗೆ?

ಗುಂಪಿನಿಂದ ಬುಡ್ಡೇಸಾಬ ಒಂದು ಹೆಜ್ಜೆ ಮುಂದೆ ಬಂದ. ಜಗಳದ ಮುಖವಲ್ಲ ಅವನದು. ಅಂಗಡಿಯ ಕೆಂಪು ಅಂಕಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಕಿರಿದು ಮಾಡಿ ನಿಂತ, ಮೆತ್ತಗೆ ಕೇಳಿದ.

"ಅಲ್ರಿ ಸಾವಕಾರ್ರ, ಈ ಹುಡುಗ್ರೂ ಒಣಗಿದ್ರೇನ್ರಿ, ಬೆಟಗೇರಿಯಿಂದ ನಿಮ್ಮ ಅಂಗಡಿಗೆ ಬರೂದರಾಗ?"

ಯಾರೂ ನಗಲಿಲ್ಲ. ಪುಂಡಲೀಕಪ್ಪ ಬಾಯಿ ತೆರೆದ, ಹೇಳಲು ಹವಾಮಾನ ಉಳಿದಿರಲಿಲ್ಲ.

ಟೆಂಪೋದ ಕೀಲಿ ಹನಮಂತನ ಕೈಯಲ್ಲೇ ಇತ್ತು. ಅವನು ಕಾಕಾನ ಮುಖ ನೋಡಿದ, ಬುಡ್ಡೇಸಾಬನ ಮುಖ ನೋಡಿದ. ತನ್ನ ಅಪ್ಪ ಕೂಡ ಅದೇ ಕಾಟಾದ ಮೇಲೆ ಪ್ರತಿ ವರ್ಷ ಚೀಲ ಇಳಿಸುತ್ತಿದ್ದುದು ಅವನಿಗೆ ನೆನಪಾಗಿರಬೇಕು. ತನ್ನ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಲು ನಯಾಜನಿಗೆ ಕೈಸನ್ನೆ ಮಾಡಿ, ಅವನು ಟೆಂಪೋ ಹತ್ತಿ ಮುಂಡರಗಿಯ ಕಡೆ ತಿರುಗಿಸಿದ. ಈ ಸಲ ಅವನು ಕಾಕಾನ ಅಪ್ಪಣೆ ಕೇಳಲಿಲ್ಲ.